ದೋಣಿಗೆ ಹಗುರ ಬ್ಯಾಟರಿ: ಮೊದಲು ಆಂಪ್ ಲೆಕ್ಕ, ಆಮೇಲೆ ತಕ್ಕಡಿ

ಸೂಳೆಕೆರೆ ಸುತ್ತಲಿನ ಊರುಗಳಿಂದ, ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಯಿಂದ ಈಚೆಗೆ ಒಂದೇ ಪ್ರಶ್ನೆ ಬರುತ್ತಿದೆ. "ಅಣ್ಣಾ, ದೋಣಿಗೆ ಟ್ರೋಲಿಂಗ್ ಮೋಟಾರ್ ಹಾಕೀವಿ. ಹಗುರ ಇರೋ ಬ್ಯಾಟ್ರಿ ಯಾವ್ದು ಕೊಡ್ತೀರಿ?" ಟ್ರೋಲಿಂಗ್ ಮೋಟಾರ್ ಅಂದರೆ ದೋಣಿ ನೂಕಲು ಬ್ಯಾಟರಿಯಲ್ಲಿ ಓಡುವ ಸಣ್ಣ ಮೋಟಾರ್. ದಾವಣಗೆರೆಯಲ್ಲಿ ಬ್ಯಾಟರಿ ಕೆಲಸ ಮಾಡುವ ನಾನು ತಿರುಗಿ ಮೂರು ಮಾತು ಕೇಳುತ್ತೇನೆ. ಬಲೆ ಎಷ್ಟು ದೂರ ಬಿಡ್ತೀರಿ? ದೋಣೀಲಿ ಎಷ್ಟು ಜನ? ಮೋಟಾರಿನ ನೂಕು ಎಷ್ಟು ಪೌಂಡಿಂದು? ಇವು ಗೊತ್ತಾಗದೆ ಬ್ಯಾಟರಿ ಹೇಳೋಕಾಗಲ್ಲ.

ಮೊದಲು ಮೋಟಾರ್ ವಿಷಯ. ದೋಣಿ, ಜನ, ಬಲೆ, ಮೀನು ಎಲ್ಲಾ ಸೇರಿ 100 ಕೆಜಿ ತೂಕಕ್ಕೆ ಸುಮಾರು 2 ಕೆಜಿ ನೂಕು ಬೇಕು. ಸಣ್ಣ ಫೈಬರ್ ದೋಣಿ ತುಂಬಿದಾಗ 400 ಕೆಜಿ ಅಂದುಕೊಳ್ಳಿ. 8 ಕೆಜಿ ನೂಕು, ಅಂದರೆ 18 ಪೌಂಡ್. ಆದರೆ ಅದು ನಿಂತ ನೀರಿನ ಲೆಕ್ಕ. ಆಷಾಢದ ಗಾಳಿಗೆ ಎದುರಾಗಿ ಹೋಗಬೇಕಲ್ವಾ, ಅದಕ್ಕೆ ಎರಡು ಪಟ್ಟು ಇಟ್ಟುಕೊಳ್ಳಿ. 36 ಪೌಂಡಿನ ಆಸುಪಾಸಿನ ಮೋಟಾರ್ ಸಾಕು. 12 ವೋಲ್ಟಿನಲ್ಲಿ ಇಂಥ ಮೋಟಾರ್ ಪೂರ್ತಿ ಜೋರಲ್ಲಿ 35 ಆಂಪ್ ಹತ್ತಿರ ಕರೆಂಟ್ ಎಳೆಯುತ್ತದೆ. ವೇಗ ಸ್ವಲ್ಪ ಇಳಿಸಿದರೆ ಕರೆಂಟ್ ತುಂಬಾ ಇಳಿಯುತ್ತದೆ. ನೀರಲ್ಲಿ ಫ್ಯಾನ್ ತಿರುಗಿಸುವ ಕೆಲಸದ ಗುಣವೇ ಅದು.

ಈಗ ದಿನದ ಲೆಕ್ಕ. ಬಲೆ 2 ಕಿಲೋಮೀಟರ್ ದೂರ. ಸಂಜೆ ಬಿಟ್ಟು ಬರಬೇಕು, ಬೆಳಗಿನ ಜಾವ ಹೋಗಿ ಎತ್ತಿ ತರಬೇಕು. ನಾಲ್ಕು ಸಲ ಓಡಾಟ, ಒಂದೊಂದಕ್ಕೆ 35-40 ನಿಮಿಷ. ಒಟ್ಟು ಎರಡೂವರೆ ಗಂಟೆ. ಮಧ್ಯಮ ವೇಗದಲ್ಲಿ 20 ಆಂಪ್ ಹಿಡಿದರೆ ದಿನಕ್ಕೆ 50 ಆಂಪ್-ಅವರ್ (ಆಂಪ್ ಗುಣಿಸು ಗಂಟೆ). ಗಾಳಿಗೆ ಅಂತ ಮೂರನೇ ಒಂದು ಪಾಲು ಸೇರಿಸಿ, 65-70. ನಿಮಗೆ ಬೇಕಾದದ್ದು ಇಷ್ಟು. ಇನ್ನು ಇದನ್ನು ಯಾವ ಬ್ಯಾಟರಿ ಎಷ್ಟು ತೂಕದಲ್ಲಿ ಕೊಡುತ್ತದೆ ಅಂತ ನೋಡೋಣ.

ಕಾರಿನ ಬ್ಯಾಟರಿ ಬೇಡವೇ ಬೇಡ. ಎಂಜಿನ್ ಸ್ಟಾರ್ಟ್ ಮಾಡಲು ಕೆಲವೇ ಸೆಕೆಂಡು ಜೋರಾಗಿ ಕೊಡೋದಕ್ಕೆ ಅದರ ಪ್ಲೇಟ್ ತೆಳ್ಳಗೆ ಮಾಡಿರುತ್ತಾರೆ. ದಿನಾ ಖಾಲಿ ಮಾಡಿದರೆ ಬೇಗ ಸತ್ತುಹೋಗುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಬಾಳಿಕೆಯಲ್ಲಿ ಗಟ್ಟಿ. ಆದರೆ ಭಾರ, ಎತ್ತರ ಬೇರೆ. ದೋಣಿ ಹೊಯ್ದಾಡಿದರೆ ಆಸಿಡ್ ಚೆಲ್ಲುತ್ತದೆ.

ಇವೆರಡೂ ಲೆಡ್-ಆಸಿಡ್ ಜಾತಿಯವು. ಲೆಡ್-ಆಸಿಡ್‌ನಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಮಾರುವವರು ಹೇಳೋದು ಕಡಿಮೆ. 100 ಆಂಪ್-ಅವರ್ ಅಂತ ಬರೆದಿರೋದು ಸಾಮಾನ್ಯವಾಗಿ 20 ಗಂಟೆ ಲೆಕ್ಕಕ್ಕೆ, ಅಂದರೆ 5 ಆಂಪ್‌ನಂತೆ ನಿಧಾನ ಎಳೆದರೆ. 35 ಆಂಪ್ ಎಳೆದರೆ ಅಷ್ಟು ಸಿಗಲ್ಲ. ಎಳೆತ ಜಾಸ್ತಿಯಾದಷ್ಟೂ ಸಿಗುವುದು ಕುಗ್ಗುತ್ತದೆ ಅನ್ನೋದನ್ನು ಜರ್ಮನಿಯ ವಿಜ್ಞಾನಿ ಪ್ಯೂಕರ್ಟ್ 1897ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅದರ ಮೇಲೆ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಹಾಗಾಗಿ 70 ಆಂಪ್-ಅವರ್ ಬೇಕಾದವರಿಗೆ 150ರ ಬ್ಯಾಟರಿಯೇ ಬೇಕು. ಅದು 45 ಕೆಜಿ ದಾಟುತ್ತದೆ. ದಂಡೆಯಿಂದ ಕೆಸರು ತುಳಿದುಕೊಂಡು ದಿನಾ ಹೊತ್ತೊಯ್ಯುವ ತೂಕ ಅದಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80-90 ಪಾಲು ಧೈರ್ಯವಾಗಿ ಬಳಸಬಹುದು. ಜೋರಾಗಿ ಎಳೆದರೂ ಹೆಚ್ಚು ಕುಗ್ಗಲ್ಲ. ಮೇಲಿನ ಲೆಕ್ಕಕ್ಕೆ 80 ಆಂಪ್-ಅವರ್ ಸಾಕು, ತೂಕ 9-10 ಕೆಜಿ. ರಾತ್ರಿ ಮನೆಗೆ ಬಂದು ಚಾರ್ಜ್‌ಗೆ ಹಾಕುವ ಅನುಕೂಲ ಇದ್ದರೆ 50ರದ್ದೇ ಆದೀತು, 6 ಕೆಜಿ ಚಿಲ್ಲರೆ. ದುಡ್ಡು ಲೆಡ್-ಆಸಿಡ್‌ಗಿಂತ ಜಾಸ್ತಿ, ನಿಜ. ಆದರೆ ದಿನಾ ಖಾಲಿಯಾಗಿ ತುಂಬುವ ಕೆಲಸಕ್ಕೆ ಅದು ಅಷ್ಟೇ ಹೆಚ್ಚು ವರ್ಷ ಬರುತ್ತದೆ. ದಿನಾ ನೀರಿಗಿಳಿಯುವವರಿಗೆ ನಾನು ಇದನ್ನೇ ಹೇಳೋದು. ವಾರಕ್ಕೊಮ್ಮೆ ಗಾಳ ಹಾಕೋಕೆ ಹೋಗುವವರಿಗೆ ಸಣ್ಣ ಸೀಲ್ಡ್ ಲೆಡ್ ಬ್ಯಾಟರಿ ನಡೆಯುತ್ತದೆ.

ಹಗುರ ಅಂದಕೂಡಲೇ ಮೋಸವೂ ಇಲ್ಲೇ ಶುರು. ಮೇಲೆ 100 ಆಂಪ್-ಅವರ್ ಅಂತ ಚೀಟಿ, ಒಳಗೆ ಅರ್ಧವೂ ಇಲ್ಲದ ಡಬ್ಬಿಗಳು ನನ್ನ ಟೇಬಲ್ಲಿಗೆ ಬಂದಿವೆ. ಬಿಚ್ಚಬೇಕಾಗಿಲ್ಲ, ತಕ್ಕಡಿಗೆ ಇಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಳಗಿನ 3.2 ವೋಲ್ಟಿನ 100 ಆಂಪ್-ಅವರ್ ಸೆಲ್ ಒಂದೊಂದೂ ಸುಮಾರು 2 ಕೆಜಿ. 12 ವೋಲ್ಟಿಗೆ ನಾಲ್ಕು ಬೇಕು. ಸೆಲ್ಲೇ 8 ಕೆಜಿ ಆಯ್ತು. ಡಬ್ಬಿ, ವೈರು ಸೇರಿ 10ರ ಹತ್ತಿರ ಹೋಗಲೇಬೇಕು. 6 ಕೆಜಿಯ "100" ಕೊಟ್ಟರೆ ವಾಪಸ್ ಕೊಟ್ಟು ಬನ್ನಿ.

ಗುಜರಿಗೆ ಬಂದ ಸ್ಕೂಟರ್ ಬ್ಯಾಟರಿಯ ಸೆಲ್ ಜೋಡಿಸಿ ಕಟ್ಟಿಕೊಡುವವರೂ ಇದ್ದಾರೆ. ಅದರಲ್ಲಿ ಬೇರೆ ಜಾತಿಯ ಲಿಥಿಯಂ ಇದ್ದರೆ ನಾಲ್ಕು ಸೆಲ್ ಸೇರಿ ತುಂಬಿದಾಗ 16.8 ವೋಲ್ಟ್. 12 ವೋಲ್ಟಿನ ಮೋಟಾರಿಗೆ ಅದು ಕೆಡುಕು. ಬಿಸಿಗೆ ಹೊತ್ತಿಕೊಳ್ಳುವ ಭಯವೂ ಅದರಲ್ಲಿ ಹೆಚ್ಚು. ಸುತ್ತ ನೀರಿದ್ದರೂ ದೋಣಿಯಲ್ಲಿ ಬೆಂಕಿಯಿಂದ ಓಡೋಕೆ ಜಾಗ ಇರಲ್ಲ. ದಯವಿಟ್ಟು ಅದರ ಸಹವಾಸ ಬೇಡ.

ಲಿಥಿಯಂ ಬ್ಯಾಟರಿಯೊಳಗಿನ ಬಿಎಂಎಸ್ ಅನ್ನೋ ಕಾವಲು ಬೋರ್ಡ್ ಎಷ್ಟು ಆಂಪ್‌ನದು ಅಂತ ಕೇಳಿ. 35 ಆಂಪ್ ಮೋಟಾರಿಗೆ ಸತತವಾಗಿ 50 ಕೊಡುವಂಥದ್ದು ಇರಲಿ. ಲೆಡ್ ಬ್ಯಾಟರಿ ಮುಗಿಯುತ್ತಾ ಬಂದಾಗ ಮೋಟಾರ್ ಸೊರಗಿ ಮುನ್ಸೂಚನೆ ಕೊಡುತ್ತದೆ. ಲಿಥಿಯಂ ಹಾಗಲ್ಲ. ಕೊನೆವರೆಗೂ 13 ವೋಲ್ಟಿನ ಹತ್ತಿರವೇ ನಿಂತು, ಆಮೇಲೆ ಬಿಎಂಎಸ್ ಒಮ್ಮೆಲೇ ಕಟ್ ಮಾಡುತ್ತದೆ. 2,600 ಹೆಕ್ಟೇರ್ ದಾಟಿದ ಸೂಳೆಕೆರೆಯ ನಡುವೆ ಹಾಗಾದರೆ ಏನು ಗತಿ? ಅದಕ್ಕೆ ವೋಲ್ಟ್ ಮೀಟರ್ ನಂಬಬೇಡಿ. ಹೋದ ಆಂಪ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಹುಟ್ಟು, ಲೈಫ್ ಜಾಕೆಟ್ ದೋಣಿಯಲ್ಲೇ ಇರಲಿ.

ವೈರಿನಲ್ಲಿ ಉಳಿಸೋಕೆ ಹೋಗಬೇಡಿ. ಒಬ್ಬರು ಬ್ಯಾಟರಿ ವೀಕ್ ಆಗಿದೆ ಅಂತ ತಂದಿದ್ದರು. ಬ್ಯಾಟರಿ ಚೆನ್ನಾಗಿಯೇ ಇತ್ತು. ಮುಂದೆ ಬ್ಯಾಟರಿ, ಹಿಂದೆ ಮೋಟಾರ್, ನಡುವೆ ಮನೆ ವೈರಿಂಗಿನ 4 ಚದರ ಮಿಲಿಮೀಟರ್ ವೈರ್. ಲಗ್ (ವೈರಿನ ತುದಿಯ ಲೋಹದ ತುಂಡು) ಹತ್ತಿರ ಪ್ಲಾಸ್ಟಿಕ್ ಕರಗಿ ಕಂದಾಗಿತ್ತು. ಹೋಗಿ ಬರುವ 6 ಮೀಟರಿನಲ್ಲಿ 35 ಆಂಪ್‌ಗೆ ಸುಮಾರು 1 ವೋಲ್ಟ್ ವೈರಿನಲ್ಲೇ ಸುಟ್ಟುಹೋಗುತ್ತಿತ್ತು. 16 ಚದರ ಮಿಲಿಮೀಟರಿನದು ಹಾಕಿ, ಲಗ್ ಗಟ್ಟಿಯಾಗಿ ಕ್ರಿಂಪ್ ಮಾಡಿದೆವು. ನಷ್ಟ ಕಾಲು ಭಾಗಕ್ಕಿಳಿಯಿತು. ಬ್ಯಾಟರಿಯ ಪಕ್ಕದಲ್ಲೇ 50 ಆಂಪ್ ಡಿಸಿ ಫ್ಯೂಸ್ ಇರಲೇಬೇಕು. ಮನೆಯ ಎಸಿ ಎಂಸಿಬಿ ಅದಕ್ಕಾಗಲ್ಲ.

ಚಾರ್ಜರ್ 14.6 ವೋಲ್ಟಿನ ಲಿಥಿಯಂದೇ ಬೇಕು. 10 ಆಂಪ್ ಚಾರ್ಜರಿನಲ್ಲಿ 80ರ ಬ್ಯಾಟರಿಗೆ 8 ಗಂಟೆ ಹಿಡಿಯುತ್ತದೆ. ಊರಲ್ಲಿ ಕರೆಂಟ್ ಹೋಗಿ ಬರುವುದಾದರೆ 20 ಆಂಪ್‌ನದು ತೆಗೆದುಕೊಳ್ಳಿ. ಬ್ಯಾಟರಿಗೆ ಹೊಂದುತ್ತದೆಯೇ ಅಂತ ಅದರ ಚೀಟಿ ನೋಡಿಯೇ ಕೊಳ್ಳಿ. ಬೇಸಿಗೆಯಲ್ಲಿ ಬ್ಯಾಟರಿಯನ್ನು ಬಿಸಿಲಿಗೆ ಬಿಡದೆ, ಗಾಳಿಯಾಡುವಂತೆ ನೆರಳು ಮಾಡಿ.

ಮೀನು ಹಿಡಿಯದ ತಿಂಗಳುಗಳಲ್ಲಿ ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಲಿಥಿಯಂ ಇದಕ್ಕೆ ಉಲ್ಟಾ. ಅರ್ಧಕ್ಕೆ ತಂದು, ವೈರ್ ಕಳಚಿ, ತಂಪು ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.