ಹಳೇ ಕಾರಿಗೆ ಎಸಿ ಹಾಕುವ ಮುನ್ನ

ಹಳೇ ಕಾರು ತಂದು ಎಸಿ ಕೂರಿಸಿ ಕೊಡಿ ಎನ್ನುವವರು ಮೊದಲು ಕೇಳುವುದು, "ಎಷ್ಟು ತಣ್ಣಗಾಗುತ್ತೆ ಸರ್?" ಎಂದು. ನಾನು ಬಾನೆಟ್ ಎತ್ತುತ್ತೇನೆ. ಇಂಜಿನ್ ಆರಿದೆಯೇ ಎಂದು ಮುಟ್ಟಿ ನೋಡಿ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸುತ್ತೇನೆ. ಬೆರಳಿಗೆ ತುಕ್ಕಿನ ಕೆಂಪು ರಾಡಿ ಮೆತ್ತಿಕೊಂಡರೆ ಅವತ್ತಿಗೆ ಎಸಿ ಮಾತು ಮುಗಿಯಿತು, ಮೊದಲು ರೇಡಿಯೇಟರ್ ಬಿಚ್ಚೋಣ ಎನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ಎಸಿ ಎಂದರೆ ಶಾಖ ಹೊರುವ ಕೂಲಿ. ಕಾರಿನೊಳಗಿನ ಬಿಸಿಯನ್ನು ಕೂಲಿಂಗ್ ಕಾಯಿಲ್ ಹೀರುತ್ತದೆ, ಕಂಪ್ರೆಸರ್ ತನ್ನ ಪಾಲಿನ ಬಿಸಿಯನ್ನೂ ಸೇರಿಸುತ್ತದೆ, ಒಟ್ಟು ಹೊರೆಯನ್ನು ಕಂಡೆನ್ಸರ್ ಆಚೆ ಚೆಲ್ಲುತ್ತದೆ. ಚೆಲ್ಲುವುದೆಲ್ಲಿಗೆ? ತನ್ನ ಹಿಂದೆಯೇ ಕೂತ ರೇಡಿಯೇಟರಿನ ಮುಖಕ್ಕೆ. ಹೊರಗೆ 40 ಡಿಗ್ರಿ ಇದ್ದ ದಿನ ಕಂಡೆನ್ಸರ್ ದಾಟಿ ಬರುವ ಗಾಳಿ 50ರ ಆಚೆ ಈಚೆ ಇರುತ್ತದೆ. ಅದೇ ಹೊತ್ತಿನಲ್ಲಿ ಇಂಜಿನ್ ಕಂಪ್ರೆಸರನ್ನೂ ಎಳೆಯಬೇಕು. ಬಿಸಿಲಿನಲ್ಲಿ ಅದು ನಾಲ್ಕೈದು ಅಶ್ವಶಕ್ತಿ ಕೇಳುವುದು ಸಾಮಾನ್ಯ. ನಲವತ್ತು ಅಶ್ವಶಕ್ತಿಯ ಹಳೇ ಇಂಜಿನ್ನಿಗೆ ಅದು ಸಣ್ಣ ಬಾಬತ್ತಲ್ಲ.

ಗಾಡಿ ಓಡುತ್ತಿದ್ದರೆ ಇದ್ಯಾವುದೂ ಗೊತ್ತಾಗುವುದಿಲ್ಲ, ಗಾಳಿ ತಾನಾಗಿ ನುಗ್ಗುತ್ತದೆ. ಬಣ್ಣ ಬಯಲಾಗುವುದು ಸಿಗ್ನಲ್ಲಿನಲ್ಲಿ. ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ತಿರುಗುವಾಗ, ವಾಟರ್ ಪಂಪ್ ನಿಧಾನ, ಬೆಲ್ಟಿನ ಫ್ಯಾನ್ ನಿಧಾನ, ಕರೆಂಟ್ ಕೊಡುವ ಆಲ್ಟರ್ನೇಟರ್ ನಿಧಾನ. ಮೇಲಿನ ಬಿಸಿಲು ಮಾತ್ರ ಅಷ್ಟೇ.

ಒಮ್ಮೆ 1,100 ಸಿಸಿಯ ಒಂದು ಹಳೇ ಕಾರು ಬಂತು. ಬೇರೆ ಕಡೆ ಎಸಿ ಹಾಕಿಸಿದ್ದರು. ಒಳ್ಳೆಯ ಕಂಪ್ರೆಸರ್, ಹೊಸ ಕಂಡೆನ್ಸರ್, ರೇಡಿಯೇಟರಿಗೂ ಹೊಸ ಕೋರ್. ಆದರೂ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಮುಳ್ಳು ಕೆಂಪಿಗೆ. ಒಂದು ಕಡ್ಡಿಯ ತುದಿಗೆ ಗೇಣುದ್ದ ಹೊಲಿಗೆ ದಾರ ಕಟ್ಟಿ, ಇಂಜಿನ್ ಐಡ್ಲಿಂಗಿನಲ್ಲಿಟ್ಟು, ಗ್ರಿಲ್ಲಿನ ಹಿಂದೆ ಉದ್ದಕ್ಕೂ ಹಿಡಿದು ನೋಡಿದೆ. ನಡುವೆ ದಾರ ಒಳಕ್ಕೆ ಎಳೆದುಕೊಂಡಿತು, ಸರಿ. ಕೆಳಗಿನ ಮೂಲೆಗೆ ಬಂದಾಗ ಮುಂದಕ್ಕೆ, ನನ್ನ ಕಡೆಗೆ ಹಾರಿತು. ಕೈ ಒಡ್ಡಿದರೆ ಕಾದ ಗಾಳಿ. ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿಯೇ ರೇಡಿಯೇಟರಿನ ಪಕ್ಕದ ಸಂದಿಯಿಂದ ಸುತ್ತಿ ಬಂದು ಮತ್ತೆ ಕಂಡೆನ್ಸರಿಗೆ ಹೋಗುತ್ತಿತ್ತು. ಬೆಂದ ಗಾಳಿಯನ್ನೇ ಬೇಯಿಸುತ್ತಿದ್ದರು! ಸಂದಿಗಳಿಗೆ ತಗಡು ಮತ್ತು ಫೋಮ್ ಪಟ್ಟಿ, ಫ್ಯಾನಿಗೆ ರೇಡಿಯೇಟರಿನ ಪೂರ್ತಿ ಅಗಲ ಮುಚ್ಚುವ ಶ್ರೌಡ್ (ಕವಚ) ಹಾಕಿದೆವು. ಅರ್ಧ ರೋಗ ವಾಸಿಯಾಯಿತು.

ಉಳಿದರ್ಧ ಥರ್ಮೋಸ್ಟಾಟಿನದು, ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟದ್ದು. ಯಾರೋ ಕಿತ್ತು ಎಸೆದಿದ್ದರು. ಹೀಟ್ ಆದರೆ ಥರ್ಮೋಸ್ಟಾಟ್ ತೆಗೆಯುವುದು ಗ್ಯಾರೇಜುಗಳ ಹಳೇ ಚಾಳಿ, ನನಗೆ ಅದನ್ನು ಕಂಡರಾಗದು. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಲೇ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ನೀರು ರೇಡಿಯೇಟರಿನ ಮುಖವನ್ನೇ ನೋಡದೆ ಇಂಜಿನ್ನಿಗೆ ವಾಪಸಾಗುತ್ತದೆ. ಈ ಕಾರಿನದೂ ಅದೇ ಜಾತಿ. 82 ಡಿಗ್ರಿಗೆ ತೆರೆಯುವುದನ್ನು ಕೂರಿಸಿದ ಮೇಲೆ ಮುಳ್ಳು ಮಧ್ಯದಲ್ಲಿ ನಿಂತಿತು.

ಇನ್ನು ನೀರಿನ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳದ ವಿಷಯ. ಒತ್ತಡ 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಹೆಚ್ಚಿದರೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಹಾಗೆಂದು 7 ಪಿಎಸ್‌ಐ ಮುಚ್ಚಳದ ಗಾಡಿಗೆ 15ರದ್ದನ್ನು ಬಿಗಿದರೆ ಹಳೇ ಬೆಸುಗೆಗಳು ಬಿಟ್ಟುಕೊಳ್ಳುತ್ತವೆ, ಇಲ್ಲವೇ ಡ್ಯಾಶ್‌ಬೋರ್ಡ್ ಅಡಿಯ ಹೀಟರ್ ಒಡೆದು ಕಾಲ ಮೇಲೆ ಬಿಸಿನೀರು. ಮೂಲದ್ದೇ ಇರಲಿ, ರಬ್ಬರ್ ಮಾತ್ರ ಹೊಸದಾಗಿರಲಿ.

ಕಂಪ್ರೆಸರ್ ಆರಿಸುವಾಗ ಆಸೆ ಬೇಡ. ಎಲ್ಲರೂ ಸ್ಯಾಂಡನ್ ಕಂಪನಿಯ 508 ಕೇಳುತ್ತಾರೆ. ಅದು 138 ಸಿಸಿಯದು, ದೊಡ್ಡ ಇಂಜಿನ್ನಿಗೆ ಚೆನ್ನ. ಒಂದು ಲೀಟರಿನ ಆಸುಪಾಸಿನ ಇಂಜಿನ್ನಿಗೆ 87 ಸಿಸಿಯ 505 ಸಾಕು. ಬ್ರ್ಯಾಕೆಟ್ ಇಂಜಿನ್ ಬ್ಲಾಕಿಗೇ ಗಟ್ಟಿಯಾಗಿ ಕೂರಬೇಕು, ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು. ಕಾರ್ಬ್ಯುರೇಟರ್ ಗಾಡಿಗಾದರೆ ಎಸಿ ಬಂದಾಗ ಥ್ರಾಟಲನ್ನು ತುಸು ಎತ್ತುವ ವ್ಯಾಕ್ಯೂಮ್ ಡಯಾಫ್ರಂ ಬೇಕೇ ಬೇಕು. ಈಗ ಒಂದು ಗುಂಡಿ ಒತ್ತಿದರೆ ಕಂಪ್ರೆಸರನ್ನು ಇಂಜಿನ್ನಿಗೆ ಜೋಡಿಸುವ ಕ್ಲಚ್ ಬಿಡುತ್ತದಲ್ಲ, 1940ರ ಮಾದರಿಯ ಪ್ಯಾಕಾರ್ಡ್ ಕಾರಿನಲ್ಲಿ ಆ ಸುಖವೂ ಇರಲಿಲ್ಲ. ಎಸಿ ಬೇಡವೆಂದರೆ ಇಳಿದು ಬಾನೆಟ್ ತೆಗೆದು ಬೆಲ್ಟನ್ನೇ ಬಿಚ್ಚಬೇಕಿತ್ತು.

ಕರೆಂಟಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ 15 ಆಂಪಿಯರ್, ಬ್ಲೋಯರ್ 10, ಕ್ಲಚ್ 4, ರಾತ್ರಿಯಾದರೆ ಹೆಡ್‌ಲೈಟ್ 9. ಆಲ್ಟರ್ನೇಟರಿಗೂ ಹಿಂದಿನ ಡೈನಮೋ ಕಾಲದ ಗಾಡಿಗಳಲ್ಲಿ ಪೂರ್ತಿ ಓಟದಲ್ಲೇ ಸಿಗುವುದು 22 ಆಂಪಿಯರ್ ಆಸುಪಾಸು, ಐಡ್ಲಿಂಗಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ವೋಲ್ಟೇಜ್ ಇಳಿದರೆ ಫ್ಯಾನ್ ಸೊರಗುತ್ತದೆ, ಫ್ಯಾನ್ ಸೊರಗಿದರೆ ನೀರು ಕುದಿಯುತ್ತದೆ. ಐಡ್ಲಿಂಗಿನಲ್ಲೂ ಸಾಕಷ್ಟು ಕೊಡುವ ಆಲ್ಟರ್ನೇಟರ್ ಬರದೆ ನಾನು ಕೆಲಸ ಶುರು ಮಾಡುವುದಿಲ್ಲ.

ಗ್ಯಾಸಿನಲ್ಲಿ ಕೈ ಧಾರಾಳವಾದರೂ ಕಷ್ಟವೇ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಜೋನ್ ಪದರಕ್ಕೆ ಹಾನಿ ಮಾಡುವ ಆರ್12 ಗ್ಯಾಸ್ ಹಿಂದೆ ಸರಿಯಿತು, ಈಗ ಇಂಥ ಗಾಡಿಗಳಿಗೆ ತುಂಬುವುದು ಹೆಚ್ಚಾಗಿ ಆರ್134ಎ. ಹಳೇ ಗ್ಯಾಸಿನ ಮಿನರಲ್ ಎಣ್ಣೆ ಇದರೊಂದಿಗೆ ಬೆರೆಯುವುದಿಲ್ಲ, ಹಳೇ ಸಿಸ್ಟಮ್ ಇದ್ದರೆ ಅದನ್ನು ಪೂರ್ತಿ ತೊಳೆದು ತೆಗೆಯಬೇಕು. ತೇವ ಹೀರುವ ಡ್ರೈಯರ್ ಹೊಸದು, ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಕನಿಷ್ಠ ಅರ್ಧ ಗಂಟೆ. ಗೇಜ್ ಹಾಕಿದಾಗ ಕಡು ಬಿಸಿಲಿನಲ್ಲಿ ಹೈ ಸೈಡ್ (ಕಂಪ್ರೆಸರ್ ದಾಟಿದ ಕಡೆಯ ಒತ್ತಡ) 220 ಪಿಎಸ್‌ಐ ಸುತ್ತಮುತ್ತ ಇದ್ದರೆ ನನಗೆ ಸಮಾಧಾನ. ಐಡ್ಲಿಂಗಿನಲ್ಲಿ 300 ದಾಟಿದರೆ ಒಂದು ಚೊಂಬು ನೀರನ್ನು ಕಂಡೆನ್ಸರಿಗೆ ಎರಚುತ್ತೇನೆ. ಮುಳ್ಳು ಥಟ್ಟನೆ ಇಳಿದು ಒಳಗೆ ತಂಪು ಹೆಚ್ಚಿದರೆ ಬಿಸಿ ಆಚೆ ಹೋಗುತ್ತಿಲ್ಲ ಎಂದರ್ಥ. ಗಾಳಿ ಸಾಲದು, ಇಲ್ಲವೇ ಗ್ಯಾಸ್ ಜಾಸ್ತಿ. ಇನ್ನಷ್ಟು ಗ್ಯಾಸ್ ತುಂಬಿದರೆ ರೇಡಿಯೇಟರಿಗೆ ಇನ್ನಷ್ಟು ಬೆಂಕಿ.

ಇನ್ನೊಂದು ಚಿಕ್ಕ ಕಳ್ಳ ಡ್ಯಾಶ್‌ಬೋರ್ಡ್ ಅಡಿಯಲ್ಲಿರುತ್ತಾನೆ: ಹೀಟರಿಗೆ ಬಿಸಿನೀರು ಬಿಡುವ ನಲ್ಲಿ (ಟ್ಯಾಪ್). ಅದು ಪೂರ್ತಿ ಮುಚ್ಚದಿದ್ದರೆ ಎಂಬತ್ತು ತೊಂಬತ್ತು ಡಿಗ್ರಿಯ ನೀರು ಕ್ಯಾಬಿನ್ನಿನೊಳಗೇ ಸುತ್ತುತ್ತಿರುತ್ತದೆ. ಮಾಲೀಕರು ಗ್ಯಾಸ್ ಕಡಿಮೆ ಇದೆ ಎಂದು ಅಲೆಯುತ್ತಾರೆ. ನಲ್ಲಿ ಮುಚ್ಚಿ, ಅದರಾಚೆಯ ಹೋಸ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಲ್ಲಿ ಬದಲಿಸಿ.

ನೀರು 105 ಡಿಗ್ರಿ ಮುಟ್ಟಿದರೆ ಕಂಪ್ರೆಸರ್ ಕ್ಲಚ್ಚನ್ನು ಬಿಡಿಸುವ ಸ್ವಿಚ್ಚೊಂದನ್ನು ನಾನು ಹಾಕಿಯೇ ಕೊಡುವುದು. ಕೆಲಸ ಮುಗಿದ ಮೇಲೆ ಗಾಡಿಯನ್ನು ನಡುಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿ, ಎಸಿ ಪೂರ್ತಿ ಕೊಟ್ಟು, ಇಪ್ಪತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಡುತ್ತೇನೆ. ಮುಳ್ಳು ಏರಿ ಒಂದು ಕಡೆ ನಿಂತರೆ ಕೀ ಮಾಲೀಕರ ಕೈಗೆ. ಇಪ್ಪತ್ತನೇ ನಿಮಿಷದಲ್ಲೂ ಏರುತ್ತಲೇ ಇದ್ದರೆ ಮತ್ತೆ ಕಡ್ಡಿ, ದಾರ ಹುಡುಕುತ್ತೇನೆ.