ಎಂಎಸ್ ಬಗ್ಗೆ ಏನನ್ನು ಸಂಶೋಧಿಸಬೇಕೆಂದು ಯಾರು ಹೇಳಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರಿಗೆ ಈ ಎರಡು ತಿಂಗಳು ಬೇರೆಯದೇ ಕಾಲ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲಿರುವ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಹೊದಿಕೆ ಕಳಚಿದ ನರದಲ್ಲಿ ಮೈಶಾಖ ಅರ್ಧ ಡಿಗ್ರಿ ಏರಿದರೂ ಸಂದೇಶ ನಿಂತುಹೋಗಬಹುದು. ಕಣ್ಣು ಮಂಜಾಗುತ್ತದೆ, ಕಾಲು ಎತ್ತಿಡಲಾಗುವುದಿಲ್ಲ. ಮೈ ತಣ್ಣಗಾದರೆ ಮತ್ತೆ ಸರಿಹೋಗುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಇದನ್ನು ಬರೆದಿಟ್ಟಿದ್ದರು. ಎಂಆರ್‌ಐ ಬರುವ ಮುಂಚೆ, ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡುವ ಪರೀಕ್ಷೆಯೂ ಇತ್ತು.

ಬ್ರಿಟನ್ನಿನಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳುವವರು ಮತ್ತು ವೈದ್ಯರು ಒಟ್ಟಾಗಿ 2013ರಲ್ಲಿ ಎಂಎಸ್‌ಗೆ ಹತ್ತು ಸಂಶೋಧನಾ ಪ್ರಶ್ನೆಗಳನ್ನು ಆರಿಸಿದರು. ಆ ಹತ್ತರಲ್ಲಿ ಬಿಸಿಲಿನ ಮಾತೇ ಇಲ್ಲ. ಅದು ಅವರ ತಪ್ಪಲ್ಲ, ಕೇಳಿದ್ದು ಅಲ್ಲಿಯವರನ್ನು. ನಾವು ತರಬೇಕಾದದ್ದು ಆ ಪಟ್ಟಿಯನ್ನಲ್ಲ, ಅದನ್ನು ಮಾಡಿದ ವಿಧಾನವನ್ನು.

ಪ್ಯಾರಿಸ್ಸಿನ ನರವೈದ್ಯ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಪ್ರಶ್ನೆ ಕೇಳಿದವರು ಬಹುಪಾಲು ವೈದ್ಯರೇ. 1993ರಲ್ಲಿ ಅಮೆರಿಕದಲ್ಲಿ ಎಂಎಸ್‌ನ ಚುಚ್ಚುಮದ್ದು ಇಂಟರ್‌ಫೆರಾನ್ ಬೀಟಾಗೆ ಅನುಮತಿ ಸಿಕ್ಕಿತು. ಅಲ್ಲಿಂದ ಔಷಧ ಕಂಪನಿಗಳೂ ಸೇರಿಕೊಂಡವು. ಅಧ್ಯಯನಗಳು ಅಳೆದದ್ದು ಮುಖ್ಯವಾಗಿ ಎರಡನ್ನು: ಕಾಯಿಲೆ ಎಷ್ಟು ಸಲ ಮರುಕಳಿಸಿತು, ಎಂಆರ್‌ಐನಲ್ಲಿ ಎಷ್ಟು ಹೊಸ ಕಲೆ ಕಂಡವು. ಸುಸ್ತು, ನೋವು, ಮರೆವು, ಮೂತ್ರ ತಡೆಯಲಾಗದಿರುವುದು ಬದಿಗೆ ಉಳಿದವು.

ಈ ಅಂತರ ಎಂಎಸ್‌ಗಷ್ಟೇ ಸೀಮಿತವಲ್ಲ. ಮಂಡಿ ಸವೆತದ ಬಗ್ಗೆ 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಸಂಶೋಧನೆ ಬಹುಪಾಲು ಔಷಧಗಳ ಹಿಂದೆ ಹೋಗಿದೆ, ರೋಗಿಗಳು ಬಯಸಿದ್ದು ಬೇರೆ ಎಂದು ತೋರಿಸಿತು. 2004ರಲ್ಲಿ ಬ್ರಿಟನ್ನಿನ ವೈದ್ಯ ಇಯನ್ ಚಾಮರ್ಸ್ ಮತ್ತಿತರರು, ರೋಗಿಗಳೂ ವೈದ್ಯರೂ ಕೂಡಿ ಸಂಶೋಧನೆಯ ಪ್ರಶ್ನೆಗಳನ್ನು ಆರಿಸಲೆಂದು ಜೇಮ್ಸ್ ಲಿಂಡ್ ಅಲೈಯನ್ಸ್ ಕಟ್ಟಿದರು. 1747ರಲ್ಲಿ ಹಡಗಿನ 12 ನಾವಿಕರ ಮೇಲೆ ಸ್ಕರ್ವಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ವೈದ್ಯನ ಹೆಸರು ಅದು. ಈ ಸಂಸ್ಥೆಯ ಹದಿನಾಲ್ಕು ಪಟ್ಟಿಗಳನ್ನು 2015ರಲ್ಲಿ ಪರಿಶೀಲಿಸಿದಾಗ, ರೋಗಿಗಳು ಮತ್ತು ವೈದ್ಯರು ಆದ್ಯತೆ ಕೊಟ್ಟ ಚಿಕಿತ್ಸೆಗಳಲ್ಲಿ ಔಷಧಗಳ ಪಾಲು ಶೇ 18 ಮಾತ್ರ. ಕಂಪನಿಗಳು ನಡೆಸುವ ಪ್ರಯೋಗಗಳಲ್ಲಿ ಅದೇ ಪಾಲು ಶೇ 86.

ಇದೇ ಸಂಸ್ಥೆಯ ವಿಧಾನದಲ್ಲಿ ಆದ 2013ರ ಎಂಎಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಅಂಗವೈಕಲ್ಯ ಹೆಚ್ಚುವುದನ್ನು ನಿಧಾನಿಸುವ, ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಚಿಕಿತ್ಸೆಗೆ ಹೋಯಿತು. ಎರಡನೆಯದು ಕಾಯಿಲೆ ಬಾರದಂತೆ ತಡೆಯುವುದು. ಮೂರನೆಯದೇ ಸುಸ್ತು. ಪ್ರಶ್ನೆ ಸರಿಯಾಗಿದ್ದರೆ ‘ಇಲ್ಲ’ ಎಂಬ ಉತ್ತರಕ್ಕೂ ಬೆಲೆಯಿದೆ. ಸುಸ್ತಿಗೆ ಬಹುಕಾಲದಿಂದ ಬರೆಯುತ್ತಿದ್ದ ಅಮಾಂಟಡಿನ್, ಮೊಡಾಫಿನಿಲ್, ಮಿಥೈಲ್‌ಫೆನಿಡೇಟ್ ಮೂರೂ ಹುಸಿಮಾತ್ರೆಗಿಂತ ಮೇಲಲ್ಲ ಎಂದು ಅಮೆರಿಕದ ಪ್ರಯೋಗವೊಂದು 2021ರಲ್ಲಿ ಹೇಳಿತು. ಕೈಯಿಂದ ದುಡ್ಡು ಹಾಕಿ ಮಾತ್ರೆ ಕೊಳ್ಳುವ ಮನೆಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ಮಾತು.

ಇನ್ನು ವಿಧಾನ. ಮೊದಲು ಒಂದು ಮಾರ್ಗದರ್ಶನ ಸಮಿತಿ: ರೋಗಿಗಳು, ನೋಡಿಕೊಳ್ಳುವವರು, ಚಿಕಿತ್ಸೆ ಕೊಡುವವರು ಸಮತೂಕದಲ್ಲಿರಬೇಕು, ಔಷಧ ಕಂಪನಿಯ ಹಿತಾಸಕ್ತಿ ಇರುವವರು ಹೊರಗೆ. ಆಮೇಲೆ ಎಲ್ಲರಿಗೂ ತೆರೆದ ಸಮೀಕ್ಷೆ: ಎಂಎಸ್ ಬಗ್ಗೆ ನಿಮಗೆ ಉತ್ತರ ಸಿಗದ ಪ್ರಶ್ನೆ ಯಾವುದು? ಬಂದ ಪ್ರಶ್ನೆಗಳಲ್ಲಿ ಒಂದೇ ಅರ್ಥದವನ್ನು ಕೂಡಿಸುತ್ತಾರೆ. ಪ್ರತಿಯೊಂದನ್ನೂ ಈಗಾಗಲೇ ನಡೆದ ಅಧ್ಯಯನಗಳ ಜತೆ ತಾಳೆ ನೋಡಿ, ಉತ್ತರ ಸಿಕ್ಕಿರುವುದನ್ನು ತೆಗೆಯುತ್ತಾರೆ. ಉಳಿದವನ್ನು ಎರಡನೇ ಸಮೀಕ್ಷೆಯಲ್ಲಿ ಇಪ್ಪತ್ತೈದರ ಆಸುಪಾಸಿಗೆ ಇಳಿಸುತ್ತಾರೆ. ಕೊನೆಗೆ ಒಂದು ದಿನದ ಕಾರ್ಯಾಗಾರ. ಸಣ್ಣ ಗುಂಪುಗಳಲ್ಲಿ ಕುಳಿತು ಪ್ರಶ್ನೆಯ ಕಾರ್ಡುಗಳನ್ನು ಮೇಲೆ ಕೆಳಗೆ ಜೋಡಿಸುತ್ತಾರೆ, ಗುಂಪು ಬದಲಿಸಿ ಮತ್ತೆ ಜೋಡಿಸುತ್ತಾರೆ. ಎಲ್ಲ ಸೇರಿ ಒಂದು, ಒಂದೂವರೆ ವರ್ಷದ ಕೆಲಸ.

ಹೆಚ್ಚು ಎಡವುವುದು ಪ್ರಶ್ನೆ ಕೂಡಿಸುವ ಹಂತದಲ್ಲಿ. ‘ಮಧ್ಯಾಹ್ನ ಆದ್ರ ಕಾಲು ಏಳಂಗಿಲ್ಲ, ಕೂಲಿಗೆ ಹೆಂಗ ಹೋಗ್ಲಿ?’ ಎಂದು ಸಿಂಧನೂರಿನ ಕಡೆಯಿಂದ ಒಬ್ಬರು ಕೇಳಿದರು ಎನ್ನಿ. ಅದನ್ನು ‘ಆಯಾಸಕ್ಕೆ ಯಾವ ಚಿಕಿತ್ಸೆ ಪರಿಣಾಮಕಾರಿ?’ ಎಂದು ತಿದ್ದಿದರೆ ಬಿಸಿಲು, ಕೂಲಿ, ಹೊತ್ತು ಮೂರೂ ಹೋದವು. ಅದಕ್ಕೇ ಪ್ರತಿ ಪರಿಷ್ಕೃತ ಪ್ರಶ್ನೆಯ ಕೆಳಗೆ ಮೂಲ ಮಾತುಗಳನ್ನು ಹಾಗೇ ಇಡಬೇಕು, ಕಾರ್ಯಾಗಾರದ ದಿನ ಓದಿ ಹೇಳಬೇಕು. ನೋಡಿಕೊಳ್ಳುವವರನ್ನು ರೋಗಿಯ ಎದುರು ಕೂರಿಸಿ ಕೇಳಿದರೆ ಅರ್ಧ ಮಾತು ಹೊರಬರುವುದೇ ಇಲ್ಲ. ರಾತ್ರಿ ಮೂರು ಸಲ ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಸೊಂಟ ಹೋಗಿದೆ ಎಂದು ಹೆಂಡತಿಯೋ ತಾಯಿಯೋ ಅವರ ಮುಂದೆ ಹೇಳುವುದಿಲ್ಲ. ಅವರಿಗೆ ಬೇರೆ ಕೋಣೆ, ಬೇರೆ ಹೊತ್ತು ಬೇಕು.

ಆನ್‌ಲೈನ್ ಫಾರ್ಮ್ ಮಾತ್ರ ಇಟ್ಟರೆ ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಉತ್ತರ ಬರುವುದು ಪಟ್ಟಣದ, ಓದಿದ, ಸ್ಮಾರ್ಟ್‌ಫೋನ್ ಇರುವವರಿಂದ. ಕನ್ನಡದ ಜತೆ ತೆಲುಗು, ಉರ್ದು, ಲಂಬಾಣಿಯಲ್ಲೂ ಮಾತಾಗಿ ಕೇಳಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಕೂಡ ಇದೆ. ಹಾಗಾಗಿ ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯುಗಳ ಮೂಲಕ ಮನೆಗಳನ್ನು ತಲುಪುವ ದಾರಿ ಇದೆ. ಆದರೆ ‘ಲಕ್ವಾ’, ‘ನರದ ವೀಕ್ನೆಸ್’ ಎಂಬ ಹೆಸರಿನಲ್ಲೇ ಉಳಿದು ಎಂಆರ್‌ಐ ಆಗದವರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಬಿ12 ಕೊರತೆಯೂ ಕಾಲು ಜೋಮು, ತೂರಾಟ ತರುತ್ತದೆ. ಎನ್‌ಎಂಒ ಎಂಬ ಇನ್ನೊಂದು ಕಾಯಿಲೆ ಕಣ್ಣು, ಬೆನ್ನುಹುರಿಗೆ ಬಡಿದು ಎಂಎಸ್‌ನಂತೆಯೇ ಕಾಣುತ್ತದೆ. ಅದನ್ನು ಗುರುತಿಸುವ ರಕ್ತದ ಪ್ರತಿಕಾಯ ಸಿಕ್ಕಿದ್ದೇ 2004ರಲ್ಲಿ. ಎಂಎಸ್‌ನ ಕೆಲವು ಔಷಧ ಎನ್‌ಎಂಒವನ್ನು ಕೆಡಿಸುತ್ತದೆ. ಆದ್ದರಿಂದ ರೋಗ ಪತ್ತೆ ತಡವಾಗುವುದೇಕೆ ಎಂಬುದನ್ನೂ ಇಲ್ಲಿ ಪ್ರಶ್ನೆಗಳ ಸಾಲಿಗೆ ಸೇರಿಸಲೇಬೇಕು.

ಇಲ್ಲಿಂದ ಬರಬಹುದಾದ ಬೇರೆ ಪ್ರಶ್ನೆಗಳೂ ಗಟ್ಟಿಯಾದವೇ. ಇಂಟರ್‌ಫೆರಾನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಗ್ಲಾಟಿರಾಮರ್ ಚುಚ್ಚುಮದ್ದನ್ನು ಫ್ರಿಜ್‌ನಿಂದ ಹೊರಗೆ ಒಂದು ತಿಂಗಳು ಇಡಬಹುದು, ಆದರೆ 15ರಿಂದ 30 ಡಿಗ್ರಿಯಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ಮನೆಯೊಳಗೂ 30 ಡಿಗ್ರಿ ಸಿಗುವುದು ಕಷ್ಟ. ಕರೆಂಟ್ ಹೋದ ಮೇಲೆ ಔಷಧದ ಶಕ್ತಿ ಎಷ್ಟು ಉಳಿಯುತ್ತದೆ? ಒಣ ಬಿಸಿಲಿಗೆ ಒದ್ದೆ ಟವೆಲ್, ಏರ್‌ಕೂಲರ್ ಚೆನ್ನಾಗಿ ಕೆಲಸ ಮಾಡುತ್ತವೆ. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಏರಿದರೆ ಅಷ್ಟು ಮಾಡವು, ಆಗ ಏನು? ಬಿಸಿಲಿನಿಂದಲೋ ಮೂತ್ರದ ಸೋಂಕಿನಿಂದಲೋ ಹಳೆಯ ಲಕ್ಷಣ ಏರಿದ್ದನ್ನು ಹೊಸ ದಾಳಿ ಎಂದು ತಿಳಿದು ದಿನಕ್ಕೆ 1 ಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು 3ರಿಂದ 5 ದಿನ ಕೊಟ್ಟರೆ ಸಕ್ಕರೆ ಏರುತ್ತದೆ, ಸೋಂಕು ಉಲ್ಬಣಿಸುತ್ತದೆ. ನರತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇವೆರಡನ್ನು ಬೇರ್ಪಡಿಸುವುದು ಹೇಗೆ? ಕೊಪ್ಪಳದಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ತಪಾಸಣೆಗಳಲ್ಲಿ ಎಷ್ಟನ್ನು ಫೋನಿನಲ್ಲೇ ಮುಗಿಸಬಹುದು? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಂಎಸ್‌ಗೆ ಅಗತ್ಯ ಔಷಧಗಳ ಪಟ್ಟಿಗೆ ರಿಟುಕ್ಸಿಮ್ಯಾಬ್ ಸೇರಿಸಿದೆ. ಅದನ್ನು ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಕ್ಷಯವೂ ಇಲ್ಲವೆಂದು ನೋಡಿಕೊಳ್ಳಬೇಕು. ಜಿಲ್ಲಾ ಮಟ್ಟದಲ್ಲಿ ಇದನ್ನು ಸುರಕ್ಷಿತವಾಗಿ ನಡೆಸಲು ಏನೇನು ಬೇಕು?

ಕಾರ್ಯಾಗಾರಕ್ಕೆ ಬರುವವರಿಗೆ ದಿನಗೂಲಿಯ ನಷ್ಟ, ಜತೆಗೆ ಬರುವವರ ಪ್ರಯಾಣ ವೆಚ್ಚ ಕೊಡಬೇಕು. ಕೂರುವ ಜಾಗ ನೆಲಮಹಡಿಯಲ್ಲಿದ್ದು ಶೌಚಾಲಯ ಹತ್ತಿರವಿರಬೇಕು. ಊಟದ ನಂತರ ಒಂದು ತಾಸು ಮಲಗಲು ಅವಕಾಶವಿರಬೇಕು, ಇಲ್ಲವಾದರೆ ಮಧ್ಯಾಹ್ನದ ಸುತ್ತಿನಲ್ಲಿ ಉಳಿಯುವುದು ವೈದ್ಯರ ಮತ ಮಾತ್ರ.

ಪಟ್ಟಿ ಬಂದ ಮೇಲೆ ಅದನ್ನು ಎತ್ತಿಕೊಳ್ಳುವವರು ಇಲ್ಲದಿರುವುದು ಎಲ್ಲ ಕಡೆಯ ಕೊರಗು. ಸಮಿತಿ ರಚಿಸುವಾಗಲೇ ಐಸಿಎಂಆರ್‌ನಂಥ ಹಣ ಕೊಡುವ ಸಂಸ್ಥೆಯವರನ್ನು ವೀಕ್ಷಕರಾಗಿ ಕರೆಯಬೇಕು, ಮತದ ಹಕ್ಕು ಮಾತ್ರ ಕೊಡಬಾರದು. ಹತ್ತು ಪ್ರಶ್ನೆಗಳಲ್ಲಿ ಎಲ್ಲದಕ್ಕೂ ಅಂಥ ಹಣ ಬೇಕೆಂದೇನಿಲ್ಲ: ಔಷಧ ಇಡುವ ಉಷ್ಣಾಂಶ, ತಪಾಸಣೆಯ ಪ್ರಯಾಣ ಇಂಥವನ್ನು ವೈದ್ಯಕೀಯ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧವೇ ನಿಭಾಯಿಸಬಲ್ಲದು. ಯಾವ ಪ್ರಶ್ನೆಯನ್ನು ಯಾರು ಹಿಡಿದರು, ಎಲ್ಲಿಗೆ ಬಂತು ಎಂಬುದನ್ನು ಆರು ತಿಂಗಳಿಗೊಮ್ಮೆ, ಪ್ರಶ್ನೆ ಕಳಿಸಿದವರಿಗೆ ಅವರ ಭಾಷೆಯಲ್ಲೇ ಫೋನ್ ಮಾಡಿ ತಿಳಿಸುವ ಹೊಣೆಯನ್ನು ಮೊದಲ ಸಭೆಯಲ್ಲೇ ಒಬ್ಬರಿಗೆ ವಹಿಸಬೇಕು.