ಅಳಿಸಿದ ಜಾಗದಲ್ಲಿ ಏನಿತ್ತು?

ಹೋದ ಡಿಸೆಂಬರಿನಲ್ಲಿ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಕಲ್ಲಿನ ರಥ ಕಾಣುವ ಹಾಗೆ ಅವಳನ್ನು ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ರಜೆಯ ದಿನ, ಜನವೋ ಜನ. ಅಮ್ಮನ ಹಿಂದೆ, ರಥದ ಮುಂದಿನ ಚಕ್ರಕ್ಕೂ ಆನೆಗೂ ನಡುವೆ ಬರುವಂತೆ, ಕೆಂಪು ಟೀಶರ್ಟಿನ ಹುಡುಗನೊಬ್ಬ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ. ರಾತ್ರಿ ಹೊಸಪೇಟೆಯ ಲಾಡ್ಜಿನಲ್ಲಿ ಕೂತು, ಫೋಟೊದಿಂದ ಬೇಡದ್ದನ್ನು ಅಳಿಸುವ ಮೊಬೈಲಿನ ಉಪಕರಣ ತೆರೆದು, ಅವನ ಸುತ್ತ ಬೆರಳಿನಿಂದ ದಪ್ಪಗೆ ಒಂದು ಸುತ್ತು ಎಳೆದೆ. ಎರಡು ಮೂರು ಸೆಕೆಂಡು ಕಳೆಯುವುದರೊಳಗೆ ಹುಡುಗ ಮಾಯವಾಗಿ, ಅಲ್ಲಿ ಕಲ್ಲು ಬಂದು ಕೂತಿತ್ತು. ಕೆತ್ತನೆಯ ಅಂಚು, ಬಿಸಿಲು ಬಿದ್ದ ಬಣ್ಣ, ಕಲ್ಲಿನ ಬಿರುಕು ಎಲ್ಲ ಇತ್ತು. ಅಮ್ಮನಿಗೆ ತೋರಿಸಿದರೆ, "ಯಾರೂ ಇಲ್ದೆ ಎಷ್ಟು ಚೆನ್ನಾಗಿ ಬಂದಿದೆ ನೋಡು" ಅಂದಳು.

ಫೋಟೊ ದೊಡ್ಡದು ಮಾಡಿ ನೋಡಿದಾಗ ನೆಲಹಾಸಿನ ಕಲ್ಲಿನ ಮೇಲೆ ಅವನ ನೆರಳು ಮಾತ್ರ ಹಾಗೇ ಉಳಿದಿತ್ತು. ನಿಂತ ಆಳಿಲ್ಲ, ಬಾಟಲಿ ಎತ್ತಿದ ಕೈಯ ನೆರಳಿದೆ. ಆಗ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು. ಹುಡುಗನ ಹಿಂದೆ ಇದ್ದ ಕಲ್ಲನ್ನು ನನ್ನ ಕ್ಯಾಮೆರಾ ನೋಡಿಯೇ ಇರಲಿಲ್ಲ. ಹಾಗಾದರೆ ಈ ಕಲ್ಲು ಎಲ್ಲಿಂದ ಬಂತು?

ಕಣ್ಣೆದುರಿನ ಜಗತ್ತಿನಲ್ಲಿ ಪರದೆ ಸರಿಸಿದರೆ ಹಿಂದಿನದು ಕಾಣುತ್ತದೆ. ಫೋಟೊಗೆ ಹಿಂಬದಿ ಅನ್ನುವುದೇ ಇಲ್ಲ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಸಾಲಾಗಿ ಜೋಡಿಸಿದ 1 ಕೋಟಿ 20 ಲಕ್ಷ ಚುಕ್ಕೆಗಳು; ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಸಂಖ್ಯೆಗಳು. ಅಷ್ಟೇ ಅದರ ಆಸ್ತಿ. ಹುಡುಗನನ್ನು ತೆಗೆದರೆ ಉಳಿಯುವುದು ಹುಡುಗನ ಆಕಾರದ ತೂತು. ಆ ತೂತಿನ ಗಡಿಯನ್ನು ಗುರುತಿಸುವುದು ಉಪಕರಣದ ಮೊದಲ ಕೆಲಸ. ಇದು ಈಗ ಬಹುಪಾಲು ಒಲಿದ ವಿದ್ಯೆ. 2023ರಲ್ಲಿ ಮೆಟಾ ಕಂಪನಿ ಬಿಡುಗಡೆ ಮಾಡಿದ ಸೆಗ್ಮೆಂಟ್ ಎನಿಥಿಂಗ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ 1.1 ಕೋಟಿ ಫೋಟೊಗಳಲ್ಲಿ ಗುರುತು ಹಾಕಿದ್ದ 100 ಕೋಟಿಗೂ ಹೆಚ್ಚು ಆಕಾರಗಳಿಂದ ಪಾಠ ಕಲಿತಿತ್ತು. ಕಷ್ಟದ್ದು ಎರಡನೆಯ ಕೆಲಸ, ತೂತು ತುಂಬುವುದು.

ತೂತು ತುಂಬುವ ಈ ಕಲೆಗೆ ಇನ್‌ಪೇಂಟಿಂಗ್ ಎಂದು ಹೆಸರು. ಹಳೆಯ ವರ್ಣಚಿತ್ರಗಳಲ್ಲಿ ಬಣ್ಣ ಉದುರಿದ ಕಡೆ ಕುಂಚ ಹಿಡಿದು ಸರಿಪಡಿಸುವವರು ಬಳಸುತ್ತಿದ್ದ ಮಾತು ಅದು. 2000ನೇ ಇಸವಿಯಲ್ಲಿ ಮಾರ್ಸೆಲೊ ಬೆರ್ಟಾಲ್ಮಿಯೊ ಮತ್ತು ಸಂಗಡಿಗರು ಅದೇ ಕುಶಲಕರ್ಮಿಗಳ ದಾರಿಯನ್ನು ಗಣಿತಕ್ಕೆ ಇಳಿಸಿದರು. ತೂತಿನ ಅಂಚಿಗೆ ಬಂದು ನಿಂತ ಗೆರೆಗಳನ್ನು ಅದೇ ದಿಕ್ಕಿನಲ್ಲಿ ಒಳಕ್ಕೆ ಎಳೆಯುತ್ತ, ಸುತ್ತಲಿನ ಬಣ್ಣವನ್ನು ಒಳಕ್ಕೆ ಹರಿಸುತ್ತ ಹೋಗುವುದು. ಹಳೆ ಫೋಟೊದ ಗೀರು, ಮಡಿಕೆಯ ಗೆರೆ ಇಂಥವಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಆಳೆತ್ತರದ ತೂತಾದರೆ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಮಬ್ಬು.

ಆಮೇಲಿನದು ತೇಪೆಯ ಕಾಲ. ಒಳ್ಳೆಯ ಸೀರೆ ಹರಿದರೆ, ಉಟ್ಟಾಗ ಮರೆಯಲ್ಲಿ ಉಳಿಯುವ ತುದಿಯಿಂದ ಎಳೆ ತೆಗೆದು ಹೊಲಿಯುವವರಿದ್ದಾರೆ. ಅದೇ ನೂಲು, ಅದೇ ಬಣ್ಣ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ಫೋಟೊದ ಬೇರೆ ಕಡೆಯಿಂದ ಚಿಕ್ಕ ಚಿಕ್ಕ ಚೌಕಗಳನ್ನು ತಂದು ತೂತಿಗೆ ಹೊಂದಿಸುವುದು. ತೊಂದರೆಯೆಂದರೆ, ಲಕ್ಷಾಂತರ ಚೌಕಗಳಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆಂದು ಹುಡುಕುವುದಕ್ಕೇ ಹೊತ್ತು ಹೋಗುತ್ತಿತ್ತು. 2009ರಲ್ಲಿ ಕಾನೆಲಿ ಬಾರ್ನ್ಸ್ ಮತ್ತು ಜೊತೆಗಾರರು ಪ್ಯಾಚ್‌ಮ್ಯಾಚ್ ಎಂಬ ಉಪಾಯ ಕಂಡುಕೊಂಡರು. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಪ್ರತಿ ಚೌಕವೂ ಮೊದಲು ಕಣ್ಣುಮುಚ್ಚಿ ಒಂದು ಜೋಡಿಯನ್ನು ಆರಿಸಿಕೊಳ್ಳುತ್ತದೆ. ಬಹಳಷ್ಟು ತಪ್ಪೇ ಆಗಿರುತ್ತವೆ. ಆದರೆ ಅಷ್ಟು ಜನರಲ್ಲಿ ಯಾರಿಗೋ ಒಬ್ಬರಿಗೆ ಸರಿಯಾದದ್ದು ಸಿಕ್ಕಿರುತ್ತದೆ. ಆ ಚೌಕ ಪಕ್ಕದ್ದಕ್ಕೆ "ನನ್ನದು ಇಲ್ಲಿ ಸಿಕ್ಕಿತು, ನಿನ್ನದು ಅದರ ಮಗ್ಗುಲಲ್ಲೇ ಇರಬೇಕು, ನೋಡು" ಎನ್ನುತ್ತದೆ. ಸಂತೆಯಲ್ಲಿ ಅಗ್ಗದ ಟೊಮೆಟೊ ಎಲ್ಲಿ ಸಿಗುತ್ತದೆಂಬ ಸುದ್ದಿ ಹರಡುವ ಹಾಗೆ, ನಾಲ್ಕೈದು ಸುತ್ತಿನಲ್ಲಿ ಎಲ್ಲರಿಗೂ ಜೋಡಿ ಸಿಕ್ಕಿರುತ್ತದೆ. ಮರುವರ್ಷವೇ ಫೋಟೊಶಾಪ್‌ನಲ್ಲಿ ಇಂಥ ಸೌಲಭ್ಯ ಬಂತು. ಹುಲ್ಲು, ಮರಳು, ಮೋಡ, ಇಟ್ಟಿಗೆ ಗೋಡೆ ಇದ್ದರೆ ಇವತ್ತಿಗೂ ತೇಪೆಯ ವಿದ್ಯೆ ಸಾಕು. ಆದರೆ ಫೋಟೊದಲ್ಲಿ ಬೇರೆಲ್ಲೂ ಇಲ್ಲದ್ದನ್ನು ಅದು ತರಲಾರದು. ಮುಖದ ಅರ್ಧ ಮರೆಯಾಗಿದ್ದರೆ ಕೆನ್ನೆಯ ಚರ್ಮ ತಂದು ಅಂಟಿಸೀತು, ಕಣ್ಣನ್ನು ಎಲ್ಲಿಂದ ತಂದೀತು?

ಕಣ್ಣು ಎಲ್ಲಿರಬೇಕೆಂದು ಗೊತ್ತಿರಬೇಕಾದರೆ ಮುಖಗಳನ್ನು ನೋಡಿ ಪಳಗಿರಬೇಕು. ನರಜಾಲ ಎಂದು ಕರೆಯುವ ಕಲಿಯುವ ಯಂತ್ರಗಳು ಬಂದದ್ದು ಇಲ್ಲಿಗೆ. 2016ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ದೀಪಕ್ ಪಾಠಕ್ ಮತ್ತು ಸಹೋದ್ಯೋಗಿಗಳು ತೋರಿಸಿದ ದಾರಿ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಯಿಂದಲೇ ಎತ್ತಿದ ಹಾಗಿದೆ: ಬಿಟ್ಟ ಸ್ಥಳ ತುಂಬಿರಿ. ಇಡಿಯಾದ ಫೋಟೊ ತೆಗೆದುಕೊಂಡು, ನಡುವೆ ಒಂದು ಚೌಕ ಕತ್ತರಿಸಿ ಬಚ್ಚಿಟ್ಟು, ಉಳಿದದ್ದನ್ನು ಯಂತ್ರಕ್ಕೆ ಕೊಡುವುದು. ಅದು ತುಂಬಿದ ಉತ್ತರವನ್ನು ಬಚ್ಚಿಟ್ಟ ಚೌಕದ ಜೊತೆ ಹೋಲಿಸಿ, ತಪ್ಪಿದಷ್ಟು ತಿದ್ದುವುದು. ಉತ್ತರಪತ್ರಿಕೆ ಬರೆಯಲು ಮೇಷ್ಟರೇ ಬೇಡ, ಪ್ರತಿ ಫೋಟೊದಲ್ಲೂ ಉತ್ತರ ಇದ್ದೇ ಇರುತ್ತದೆ.

ಆದರೆ ಬರೀ ಹೀಗೆ ಕಲಿಸಿದರೆ ಯಂತ್ರ ಮಬ್ಬು ಮಬ್ಬಾಗಿ ತುಂಬುತ್ತದೆ. ಬಿಟ್ಟ ಜಾಗದಲ್ಲಿ ಕಿಟಕಿಯೂ ಇರಬಹುದು, ಬಾಗಿಲೂ ಇರಬಹುದು ಎನ್ನುವಾಗ, ಎರಡರ ಸರಾಸರಿ ಬರೆದರೆ ಬಹಳ ಅಂಕ ಕಳೆದುಹೋಗುವುದಿಲ್ಲ. ಸರಾಸರಿ ಅಂದರೆ ಮಬ್ಬು. ಅದಕ್ಕೇ ಎದುರಿಗೆ ಇನ್ನೊಂದು ಯಂತ್ರವನ್ನು ಪತ್ತೇದಾರನಂತೆ ಕೂರಿಸಿ, ತುಂಬಿದ್ದು ಅಸಲಿಯೋ ನಕಲಿಯೋ ಎಂದು ಹೇಳಿಸಿದರು. ಪತ್ತೇದಾರನಿಂದ ತಪ್ಪಿಸಿಕೊಳ್ಳಬೇಕಾದರೆ ಕಿಟಕಿಯನ್ನೋ ಬಾಗಿಲನ್ನೋ ಖಚಿತವಾಗಿ ಬಿಡಿಸಲೇಬೇಕು. ಇತ್ತೀಚಿನ ಡಿಫ್ಯೂಷನ್ ಮಾದರಿಗಳು ಇನ್ನೊಂದು ಬಗೆ: ತೂತಿನಲ್ಲಿ ಮೊದಲು ಟಿವಿಯ ಅಕ್ಷತೆಯಂಥ ಚುಕ್ಕೆಗಳನ್ನು ಎರಚಿ, ಹಂತ ಹಂತವಾಗಿ ಆ ಗದ್ದಲವನ್ನು ಸೋಸುತ್ತ, ಸುತ್ತಲಿನ ದೃಶ್ಯಕ್ಕೆ ಒಪ್ಪುವ ಚಿತ್ರವೊಂದು ಮೂಡುವಂತೆ ಮಾಡುತ್ತವೆ.

ಯಂತ್ರ ಯಾವುದೇ ಇರಲಿ, ಅದು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಂಥ ಕಡೆ ಸಾಮಾನ್ಯವಾಗಿ ಏನಿರುತ್ತದೆ? ಇಲ್ಲಿ ಏನಿತ್ತು ಎಂದು ಅದಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ನೆರಳಿನ ತಪ್ಪು ಆಗುವುದು ಬೇರೆ ಕಾರಣಕ್ಕೆ. ನೆರಳು ನಾನು ಎಳೆದ ಸುತ್ತಿನ ಹೊರಗಿತ್ತು. ಹುಡುಗನಿಗೂ ಆ ಕಪ್ಪು ಪಟ್ಟೆಗೂ ನಂಟಿದೆಯೆಂದು ಯಂತ್ರಕ್ಕೆ ಹೊಳೆಯಲಿಲ್ಲ. ಗೂಗಲ್‌ನ ಸಂಶೋಧಕರು 2024ರಲ್ಲಿ ಇದಕ್ಕೊಂದು ನೇರ ದಾರಿ ಹಿಡಿದರು. ಮೇಜಿನ ಮೇಲೆ ವಸ್ತು ಇದ್ದಾಗ ಒಂದು ಫೋಟೊ, ಅದನ್ನು ಕೈಯಾರೆ ಎತ್ತಿಟ್ಟ ಮೇಲೆ ಇನ್ನೊಂದು ಫೋಟೊ. ಇಂಥ ಜೋಡಿಗಳನ್ನು ತೋರಿಸಿ, ವಸ್ತು ಹೋದರೆ ಅದರ ನೆರಳೂ ಪ್ರತಿಬಿಂಬವೂ ಜೊತೆಗೇ ಹೋಗುತ್ತವೆಂದು ಕಲಿಸಿದರು.

ಊಹಿಸಿ ತುಂಬುವ ಕೆಲಸದಲ್ಲಿ ನಮ್ಮ ತಲೆಯೂ ಹಿಂದೆ ಬಿದ್ದಿಲ್ಲ. ಬಿಳಿ ಹಾಳೆಯಲ್ಲಿ ಒಂದು ಗುಣಾಕಾರ ಚಿಹ್ನೆ ಹಾಕಿ, ಅದರ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಕಡಲೆಕಾಳಿನಷ್ಟು ದಪ್ಪ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಚಿಹ್ನೆಯ ಮೇಲೆ ನೆಟ್ಟು, ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ.ಗೆ ಬಂದಾಗ ಚುಕ್ಕೆ ಇಲ್ಲವಾಗುತ್ತದೆ. ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳಿಲ್ಲ, ಅದು ಕುರುಡುಚುಕ್ಕೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಎದ್ಮೆ ಮಾರಿಯೊತ್ ಇದನ್ನು ಕಂಡುಹಿಡಿದ. ಗಮನಿಸಬೇಕಾದ್ದೆಂದರೆ, ಚುಕ್ಕೆ ಹೋದ ಕಡೆ ಕಪ್ಪು ತೂತು ಕಾಣದೆ ಬಿಳಿ ಹಾಳೆಯೇ ಕಾಣುತ್ತದೆ. ಚುಕ್ಕೆಯ ಬದಲು ನಡುವೆ ತುಂಡಾದ ಗೆರೆ ಎಳೆದರೆ, ತುಂಡಾದ ಭಾಗ ಕೂಡಿಕೊಂಡು ಗೆರೆ ಇಡಿಯಾಗಿ ಕಾಣುತ್ತದೆ. ಚೆನ್ನೈನಲ್ಲಿ ವೈದ್ಯಕೀಯ ಓದಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಈ ತುಂಬುವಿಕೆಯ ಬಗ್ಗೆ ಬಹಳ ಪ್ರಯೋಗ ಮಾಡಿದ್ದಾರೆ. ಆದರೂ ಮಿದುಳಿನ ಊಹೆ ಕ್ಷಣಕಾಲದ್ದು. ಕಣ್ಣು ಹೊರಳುತ್ತದೆ, ಇನ್ನೊಂದು ಕಣ್ಣು ಸಾಕ್ಷಿ ಹೇಳುತ್ತದೆ, ತಪ್ಪು ತಿದ್ದಿಹೋಗುತ್ತದೆ. ಫೋಟೊದೊಳಗಿನ ಊಹೆಗೆ ಆ ಭಾಗ್ಯವಿಲ್ಲ.

ಊಹೆಯಿಲ್ಲದೆ ಜನರನ್ನು ಅಳಿಸುವ ವಿದ್ಯೆಯೂ ಇದೆ, ಅದು ಈ ಕಲಿಯುವ ಯಂತ್ರಗಳಿಗಿಂತ ಹಳೆಯದು. ಮೊಬೈಲನ್ನು ಟ್ರೈಪಾಡಿನ ಮೇಲಿಟ್ಟು, ಅರ್ಧರ್ಧ ನಿಮಿಷ ಬಿಟ್ಟು ಒಂಬತ್ತು ಫೋಟೊ ತೆಗೆಯಿರಿ. ಒಂದೇ ಚುಕ್ಕೆಯನ್ನು ಒಂಬತ್ತರಲ್ಲೂ ನೋಡಿದರೆ, ಏಳರಲ್ಲಿ ಕಲ್ಲಿನ ಬಣ್ಣ, ಎರಡರಲ್ಲಿ ಯಾರದೋ ಅಂಗಿಯ ಬಣ್ಣ. ಒಂಬತ್ತು ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ಐದನೆಯದನ್ನು ಎತ್ತಿಕೊಂಡರೆ ಕಲ್ಲೇ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತದ ಮಧ್ಯಾಂಕ ಇದು. ಇಲ್ಲಿ ಬರುವ ಕಲ್ಲು ಕ್ಯಾಮೆರಾ ಕಣ್ಣಾರೆ ಕಂಡ ಕಲ್ಲು. ಹಳೆಯ ಕಾಲದಲ್ಲಿ ಕ್ಯಾಮೆರಾದ ನಿಧಾನವೇ ಈ ಕೆಲಸ ಮಾಡುತ್ತಿತ್ತು. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದಾಗ, ಗಾಡಿಗಳೂ ನಡೆದಾಡುವವರೂ ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕದಲದೆ ನಿಂತ ಒಬ್ಬಾತ, ಪಾಲಿಶ್ ಮಾಡುತ್ತಿದ್ದವ, ಇಬ್ಬರು ಮಾತ್ರ ಉಳಿದುಕೊಂಡರು.

ಮದುವೆ ಫೋಟೊದ ಮೂಲೆಯ ಪ್ಲಾಸ್ಟಿಕ್ ಬಕೆಟ್ಟನ್ನು ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಅಪಘಾತದ ಫೋಟೊ, ಪತ್ರಿಕೆಗೆ ಹೋಗುವ ಫೋಟೊ, ಮಾರಾಟಕ್ಕಿಟ್ಟ ಮನೆಯ ಫೋಟೊ ಇವುಗಳಲ್ಲಿ ಏನನ್ನೂ ಅಳಿಸಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ನಡುವಿನದೇ ಕಷ್ಟ. ಚಿಕ್ಕಪ್ಪನ ಮಗ ಊರಮನೆಯ ಹಳೆ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಚೊಕ್ಕಟಮಾಡಿ ಮನೆಯವರಿಗೆಲ್ಲ ಕಳಿಸಿದ. ಪಡಸಾಲೆಯಲ್ಲಿ ಅಜ್ಜ ಅಜ್ಜಿ ಕೂತ ಫೋಟೊ. ಬೂಸ್ಟು ಹೋಗಿ ಮುಖಗಳು ಬೆಳಗುತ್ತಿದ್ದವು. ಅದು ಕರೆಂಟು ಬರುವ ಮುಂಚಿನದೋ ಆಮೇಲಿನದೋ ಎಂದು ದೊಡ್ಡಮ್ಮನಿಗೂ ಅಪ್ಪನಿಗೂ ಚರ್ಚೆ ಹತ್ತಿತು. ಮೂಲ ಫೋಟೊ ಹುಡುಕಿ ನೋಡಿದರೆ, ಅಜ್ಜನ ತಲೆಯ ಮೇಲೆ ಮರದ ಪಟ್ಟಿಯ ಗುಂಟ ಓಡಿದ ವೈರು, ಪಕ್ಕದಲ್ಲಿ ದಪ್ಪ ಕರಿ ಸ್ವಿಚ್ಚು. ಕಸ ಎಂದು ಅವನು ಅಳಿಸಿದ್ದು ಅದನ್ನೇ. ಹಾಗಾಗಿ ಅಳಿಸುವ ಮುಂಚೆ ಮೂಲದ ಪ್ರತಿಯೊಂದನ್ನು ಬೇರೆ ಇಡಿ. ಎಷ್ಟೋ ಮೊಬೈಲುಗಳು ಮೂಲವನ್ನು ಉಳಿಸಿಕೊಂಡಿರುತ್ತವೆ, ಆದರೆ ಇನ್ನೊಬ್ಬರಿಗೆ ಕಳಿಸಿದ ಪ್ರತಿಯೊಳಗೆ ಅದು ಹೋಗುವುದಿಲ್ಲ. ಏನು ತಿದ್ದಲಾಗಿದೆಯೆಂಬ ದಾಖಲೆಯನ್ನು ಫೋಟೊದೊಳಗೇ ಇಡುವ ಸಿ2ಪಿಎ ಎಂಬ ಒಪ್ಪಂದ 2021ರಲ್ಲಿ ಶುರುವಾಗಿದೆ. ಒಂದು ಸ್ಕ್ರೀನ್‌ಶಾಟ್ ತೆಗೆದರೆ ಆ ದಾಖಲೆಯೂ ಕಳಚಿಕೊಳ್ಳುತ್ತದೆ.

ಹಂಪಿಯ ಫೋಟೊಗೆ ಮತ್ತೆ ಬರುತ್ತೇನೆ. 2017ರಲ್ಲಿ ಬಂದ ಐವತ್ತರ ನೋಟಿನ ಹಿಂಬದಿಯಲ್ಲಿ ಆ ರಥವಿದೆ. ನಾವೆಲ್ಲ ಕಂಡ ರಥ, ಚಪ್ಪಟೆ ತಲೆಯದು. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್ ಬಳಸಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ಎದ್ದು ನಿಂತಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಇವತ್ತಿನ ಯಾವ ಯಂತ್ರಕ್ಕಾದರೂ ಗ್ರೀನ್‌ಲಾ ಚಿತ್ರದ ಆ ಭಾಗವನ್ನು ಅಳಿಸಿ ತುಂಬು ಎಂದರೆ ಆಕಾಶವನ್ನೇ ತುಂಬೀತು, ಅದು ಕಲಿತ ರಥದ ಫೋಟೊಗಳಲ್ಲೆಲ್ಲ ಅಲ್ಲಿ ಆಕಾಶವೇ ಇರುವಾಗ.

ರಥದ ಮುಂದಿನ ಆನೆಗಳೂ ಆಮೇಲೆ ಬಂದವು. ಮೊದಲು ಅಲ್ಲಿ ಕುದುರೆಗಳಿದ್ದವು. ಅವುಗಳ ಹಿಂಗಾಲು, ಬಾಲದ ಅವಶೇಷ ಆನೆಗಳ ಹಿಂದೆ ರಥಕ್ಕೆ ಅಂಟಿದ ಹಾಗೆ ಇನ್ನೂ ಇವೆ. ಗೈಡ್ ತೋರಿಸಿದ್ದ, ನಾನು ಮರೆತಿದ್ದೆ. ಊರಿಗೆ ಬಂದ ಮೇಲೆ ನೆನಪಾಗಿ ಅಳಿಸಿದ ಫೋಟೊದಲ್ಲಿ ಹುಡುಕಿದೆ. ಆನೆಗೂ ಚಕ್ರಕ್ಕೂ ನಡುವೆ ನುಣುಪಾದ, ಚೆಂದದ ಕಲ್ಲು. ನನ್ನ ದಪ್ಪ ಬೆರಳಿನ ಸುತ್ತಿನೊಳಗೆ ಕುದುರೆಯೂ ಸಿಕ್ಕಿಕೊಂಡಿತ್ತು. ಆನೆಯ ಹಿಂದೆ ಕುದುರೆಯ ಬಾಲ ಎಲ್ಲಿ ತಾನೇ ಇರುತ್ತದೆ? ಯಂತ್ರ ಸಾಮಾನ್ಯವಾದದ್ದನ್ನು ಇಟ್ಟು ಮುಗಿಸಿತ್ತು.

ಅಮ್ಮನ ಮೊಬೈಲಿನಲ್ಲಿ ಈಗ ಎರಡೂ ಫೋಟೊ ಇವೆ. ಫ್ರೇಮು ಹಾಕಿಸಲು ಅವಳು ಖಾಲಿ ಅಂಗಳದ್ದನ್ನೇ ಆರಿಸಿಕೊಂಡಳು. ಇನ್ನೊಂದರಲ್ಲಿ, ಕೆಂಪು ಟೀಶರ್ಟಿನವನ ಮೊಣಕೈ ಪಕ್ಕ, ಕುದುರೆಯ ಬಾಲ ಕಾಣುತ್ತದೆ.